ಅತ್ತೆ ಹಿಡಿಸಿದ ಪಥ್ಯ

ಪಥ್ಯವಿಲ್ಲದ ಮದ್ದು ಮದ್ದೇ ಅಲ್ಲ ಎಂದು ನಮ್ಮ ಅತ್ತೆ ನಂಬಿದ್ದರು. ಕೆಮ್ಮಿಗೆ ಕಷಾಯ ಕುಡಿದರೆ ಮೊಸರು ಬಿಡಬೇಕು, ಕಣ್ಣಿಗೆ ಹನಿ ಹಾಕಿಸಿಕೊಂಡರೆ ಹುಣಸೆಹುಳಿ ಬಿಡಬೇಕು. ಏನನ್ನೂ ಬಿಡಿಸದೆ ಗುಣ ಮಾಡುತ್ತೇನೆ ಎನ್ನುವ ವೈದ್ಯನನ್ನು ಅವರು ತೂಕದಲ್ಲಿ ಹೊಡೆಯುವ ಅಂಗಡಿಯವನ ಸಾಲಿಗೆ ಸೇರಿಸಿಬಿಡುತ್ತಿದ್ದರು. ನೀವು ನಗಬಹುದು. ಆದರೆ ಆಗ ಕುರುಗೋಡಿನಲ್ಲಿ ಹಾಗೆ ನಂಬದವರು ಯಾರಿದ್ದರು? ಸಿರುಗುಪ್ಪದ ನನ್ನ ತವರಿನಲ್ಲೂ ಅದೇ ಮಾತು. ಆ ನಂಬಿಕೆ ನನ್ನನ್ನು ಒಮ್ಮೆ ಸಾವಿನ ಹೊಸ್ತಿಲವರೆಗೆ ಒಯ್ದಿತ್ತು. ನನ್ನನ್ನು ಉಳಿಸಿದ್ದೂ ಅದೇ. ಈಗ ನನಗೂ ವಯಸ್ಸಾಗಿದೆ, ಯಾರ ಮೇಲೂ ಸಿಟ್ಟಿಲ್ಲ, ಹೇಳಿಬಿಡುತ್ತೇನೆ.

ನನಗೆ ಕೀಲುವಾತ ಬಂದದ್ದು ಎಪ್ಪತ್ತರ ದಶಕದ ಆರಂಭದಲ್ಲಿ. ಎರಡನೆಯ ಮಗುವಿನ ಬಾಣಂತನ ಮುಗಿಸಿಕೊಂಡು ಸಿರುಗುಪ್ಪದಿಂದ ಗಂಡನ ಮನೆಗೆ ಬಂದಿದ್ದೆ. ಮೊದಲು ಬೆರಳುಗಳಲ್ಲಿ ಶುರುವಾಯಿತು. ಬೆಳಿಗ್ಗೆ ಎದ್ದರೆ ಮುಷ್ಟಿ ಕಟ್ಟಲು ಬರುತ್ತಿರಲಿಲ್ಲ. ಹೊತ್ತು ಏರಿದಂತೆ ಸ್ವಲ್ಪ ಸಡಿಲವಾಗುತ್ತಿತ್ತು, ಸಂಜೆಗೆ ಮತ್ತೆ ಬಿಗಿ. ಆಮೇಲೆ ಮಣಿಕಟ್ಟು ಊದಿತು, ಮೊಣಕಾಲು ಊದಿತು. ಅಳುವ ಮಗುವನ್ನು ಎತ್ತಿಕೊಳ್ಳಲಾರದೆ ಪಕ್ಕಕ್ಕೆ ಹೊರಳಿ ಮಲಗಿಕೊಂಡೇ ಹಾಲು ಕೊಡುತ್ತಿದ್ದೆ. ರವಿಕೆಯ ಗುಂಡಿ ಹಾಕಲು ದೊಡ್ಡ ಮಗಳನ್ನು ಕರೆಯಬೇಕಾಗುತ್ತಿತ್ತು. ಆಗ ಅವಳಿಗೆ ತನ್ನ ಗುಂಡಿಯನ್ನೇ ಸರಿಯಾಗಿ ಹಾಕಿಕೊಳ್ಳಲು ಬರುತ್ತಿರಲಿಲ್ಲ.

ನಮ್ಮದು ಒಕ್ಕಲುತನದ ಮನೆ. ಮಾವ ತೀರಿಕೊಂಡಿದ್ದರು. ಯಜಮಾನರು ಕಾಲುವೆಯ ನೀರಿನ ಪಾಳಿ, ಭತ್ತದ ಗದ್ದೆ ಎಂದು ಹೊರಗೇ ಇರುತ್ತಿದ್ದರು. ಮನೆಯೊಳಗಿನ ರಾಜ್ಯ ಅತ್ತೆಯದು. ಬೆಳಗಾದರೆ ಓಣಿಯ ಎಲ್ಲ ಮನೆಗಳಿಂದ ರೊಟ್ಟಿ ಬಡಿಯುವ ಸದ್ದು ಬರುವುದು. ಆ ಸದ್ದು ಸೊಸೆಯ ಕೈಯದೋ ಅತ್ತೆಯ ಕೈಯದೋ ಎಂದು ಹೊರಗೆ ನಿಂತೇ ಹೇಳಬಲ್ಲ ಹೆಂಗಸರು ನಮ್ಮ ಓಣಿಯಲ್ಲಿದ್ದರು. ಹಾಗಾಗಿ ನನ್ನ ಕೈ ಹೋದ ಸುದ್ದಿಯನ್ನು ಯಾರೂ ಸಾರಬೇಕಾಗಿರಲಿಲ್ಲ.

ಅತ್ತೆ ಮೊದಲು ಹಲಕುಂದಿ ಕಡೆಯ ಒಬ್ಬ ನಾಟಿ ವೈದ್ಯನ ಕರಿ ಲೇಹ್ಯ ತರಿಸಿದರು. ಒಂದು ಮಂಡಲ ತಿಂದೆ. ಉಪ್ಪಿಲ್ಲದ ಅನ್ನ, ಒಗ್ಗರಣೆಯಿಲ್ಲದ ಸಾರು. ಮೈ ಕಡ್ಡಿಯಾಯಿತೇ ಹೊರತು ಊತ ಇಳಿಯಲಿಲ್ಲ. ಆ ದಿನಗಳಲ್ಲೇ ಮಾವನ ಅಕ್ಕ ನಮ್ಮ ಮನೆಗೆ ಬಂದರು. ಅವರನ್ನು ನಾವೆಲ್ಲ ದೊಡ್ಡತ್ತೆ ಎನ್ನುತ್ತಿದ್ದೆವು. ಕೆಟ್ಟವರಲ್ಲ, ಮನಸ್ಸಿನಲ್ಲಿದ್ದದ್ದನ್ನು ಬಾಯಿಗೆ ತರದೆ ಇರಲಾರದವರು. ನಾನು ಒಳಕೋಣೆಯಲ್ಲಿ ಮಲಗಿದ್ದೆ. ನನಗೆ ಕೇಳಿಸಲಿ ಎಂದೋ, ಕೇಳಿಸಿದರೂ ಪರವಾಗಿಲ್ಲ ಎಂದೋ, ಪಡಸಾಲೆಯಲ್ಲಿ ಕೂತು ಅಂದರು:

"ಹುಡುಗ ಇನ್ನಾ ಸಣ್ಣಾವ ಅದಾನ. ಕೈ ಸತ್ತಾಕಿನ್ನ ಕಟಗೊಂಡು ಎಷ್ಟು ದಿನ ಏಗ್ತಾನ? ಇನ್ನೊಂದು ತಂದುಬಿಡು. ಇಕಿನೂ ಇರ್ಲಿ, ಯಾರು ಬ್ಯಾಡ ಅಂತಾರ? ಒಂದು ಮೂಲ್ಯಾಗ ಬಿದ್ದಿರ್ತಾಳ."

ಅತ್ತೆ ಏನು ಹೇಳುತ್ತಾರೋ ಎಂದು ಉಸಿರು ಹಿಡಿದು ಕೇಳಿದೆ. "ಚಾ ಆರಾಕ ಹತ್ತೈತಿ, ಕುಡಿ ಅಕ್ಕಾ," ಎಂದರಷ್ಟೇ. ಆ ಚಹಾದ ಮಾತಿನಲ್ಲಿ ನಾನು ಏನೇನೋ ಕಂಡೆ. ಮಗು ಪಕ್ಕದಲ್ಲಿತ್ತು. ಆ ಮೂಲೆಯನ್ನೂ, ಅದರಲ್ಲಿ ಬಿದ್ದಿರುವ ನನ್ನನ್ನೂ, ನನ್ನ ಮಕ್ಕಳಿಗೆ ರೊಟ್ಟಿ ಹಾಕುವ ಯಾರೋ ಇನ್ನೊಬ್ಬಳನ್ನೂ ನೆನೆದು ಇಡೀ ಮಧ್ಯಾಹ್ನ ಅಳುತ್ತಿದ್ದೆ.

ಎರಡು ದಿನ ಕಳೆದ ಮೇಲೆ ಅತ್ತೆ ತಾವೇ ಬಂದು ನನ್ನ ತಲೆ ಬಾಚಿ, ಸೀರೆ ಉಡಿಸಿ, "ಏಳು, ಬಳ್ಳಾರಿಗೆ ಹೋಗೂಣು," ಎಂದರು. ಬಸ್ಸಿನ ಮೆಟ್ಟಿಲು ಹತ್ತಲಾಗದೆ ನಿಂತಾಗ ಹಿಂದಿನಿಂದ ಭತ್ತದ ಚೀಲ ನೂಕಿದಂತೆ ನೂಕಿದರು. ಕೆಲಸಕ್ಕೆ ಬಾರದ ಸೊಸೆಯನ್ನು ಕೆಲಸಕ್ಕೆ ಹಚ್ಚಲು ಒಯ್ಯುತ್ತಿದ್ದಾರೆ ಎಂದೇ ನಾನು ತಿಳಿದಿದ್ದೆ.

ಬಳ್ಳಾರಿಯ ದೊಡ್ಡಾಸ್ಪತ್ರೆಯಲ್ಲಿ ನಮ್ಮನ್ನು ನೋಡಿದ ಡಾಕ್ಟರು ಅನಂತಪುರದ ಕಡೆಯವರು. ಎತ್ತರದ ಆಳು, ಕನ್ನಡ ಮಾತಾಡುವಾಗ ನಡುನಡುವೆ ತೆಲುಗು ನುಸುಳುವುದು. ನನ್ನ ಒಂದೊಂದು ಗೆಣ್ಣನ್ನೂ ಮೆಲ್ಲಗೆ ಅದುಮಿ ನೋಡಿದರು. ಅಷ್ಟು ಮೆಲ್ಲಗೆ ನನ್ನ ಕೈಯನ್ನು ಯಾರಾದರೂ ಮುಟ್ಟಿ ಬಹಳ ದಿನಗಳಾಗಿದ್ದವು, ಅಲ್ಲಿಯೇ ಕಣ್ಣು ತುಂಬಿ ಬಂತು.

"ಇದು ಬೇರು ಸಮೇತ ಕಿತ್ತು ಹೋಗೋ ಜಡ್ಡು ಅಲ್ಲಮ್ಮಾ. ಹಿಡಿದಿಡಬಹುದು. ಆದರೆ ಗುಳಿಗಿ ಬಿಡದೆ ತಗೋಬೇಕು, ಬಹುಶಃ ವರ್ಷಗಟ್ಟಲೆ. ಬಿಟ್ಟರೆ ಕೀಲು ಸೊಟ್ಟಗಾಗ್ತವೆ, ಆಮೇಲೆ ನಾನಲ್ಲ, ಯಾರೂ ನೆಟ್ಟಗೆ ಮಾಡೋಕೆ ಆಗಲ್ಲ."

ಅತ್ತೆ ಮುಂದೆ ಬಂದು ಕೇಳಿದರು, "ಪಥ್ಯ ಏನ್ರಿ ಸಾಹೇಬ್ರ?"

"ಪಥ್ಯ ಏನೂ ಇಲ್ಲ. ಎಲ್ಲಾ ತಿನ್ನಲಿ."

ಅತ್ತೆಯ ಮುಖ ಅಲ್ಲಿಯೇ ಬಿದ್ದುಹೋಯಿತು. ಹೊರಗೆ ಬಂದು ಬೇವಿನ ಗಿಡದ ಕೆಳಗೆ ಕೂತು, ಕೈಯಲ್ಲಿದ್ದ ಗುಳಿಗೆಯ ಪೊಟ್ಟಣವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಒಂದು ದೊಡ್ಡ ಬಿಳಿ ಗುಳಿಗೆ, ಇನ್ನೊಂದು ಬಹಳ ಸಣ್ಣದು. "ಪಥ್ಯ ಇಲ್ಲದ್ದು ಅದೆಂಥಾ ಔಷಧ? ಗದ್ದಲದಾಗ ಹೇಳಾಕ ಮರ್ತಿರಬೇಕು, ಪಾಪ," ಎಂದು ಡಾಕ್ಟರ ಪರವಾಗಿ ತಾವೇ ಸಮಾಧಾನ ಹೇಳಿಕೊಂಡರು. ಬಸ್ಸು ಕುರುಗೋಡು ಮುಟ್ಟುವುದರೊಳಗೆ ಡಾಕ್ಟರು ಮರೆತದ್ದನ್ನೆಲ್ಲ ಅತ್ತೆ ತುಂಬಿಕೊಟ್ಟಿದ್ದರು. ಬದನೆಕಾಯಿ ನಂಜು, ಬೇಡ. ಆಲೂಗಡ್ಡೆ, ಕಡಲೆಬೇಳೆ ವಾಯು, ಬೇಡ. ಹುಣಸೆಹುಳಿ ಮುಟ್ಟುವಂತಿಲ್ಲ. ಹೊತ್ತು ಮುಳುಗಿದ ಮೇಲೆ ಮಜ್ಜಿಗೆ ಇಲ್ಲ. ಮೆಣಸಿನಕಾಯಿ ಬಜ್ಜಿಯ ವಾಸನೆಯನ್ನೂ ನೋಡಬಾರದು. ಬಳ್ಳಾರಿ ಸೀಮೆಯಲ್ಲಿ ಹುಟ್ಟಿ ಮಂಡಕ್ಕಿ ಒಗ್ಗರಣೆಯ ಜೊತೆ ಬಜ್ಜಿ ತಿನ್ನದೆ ಇರುವುದೆಂದರೆ ಬದುಕಿದ್ದೂ ಏನು ಉಪಯೋಗ ಎಂದು ನನಗೆ ಅನ್ನಿಸಿತು. ಆದರೆ ಅನ್ನುವ ಧೈರ್ಯ ಇರಲಿಲ್ಲ.

ಗುಳಿಗೆ ಕೆಲಸ ಮಾಡಿತು. ವಾರ ಕಳೆಯುವುದರೊಳಗೆ ಬೆಳಿಗ್ಗೆ ಎದ್ದು ಮುಷ್ಟಿ ಕಟ್ಟಿದೆ. ಕಟ್ಟಿದೆ, ಬಿಚ್ಚಿದೆ, ಮತ್ತೆ ಕಟ್ಟಿದೆ, ಹುಚ್ಚಿಯಂತೆ ನಕ್ಕೆ. ಮಗುವನ್ನು ಎತ್ತಿ ಹೆಗಲಿಗೆ ಹಾಕಿಕೊಂಡು ಅಂಗಳದ ತುಂಬ ಓಡಾಡಿದೆ. ಅತ್ತೆ ಒಲೆಯ ಮುಂದಿನಿಂದಲೇ ನೋಡಿ, "ಪಥ್ಯ ಹತ್ತಿತು," ಎಂದರು. ಗುಳಿಗೆಯ ಹೆಸರೂ ಎತ್ತಲಿಲ್ಲ.

ಹೀಗೆ ಆರು ತಿಂಗಳು ಕಳೆದಿರಬೇಕು, ಸಿರುಗುಪ್ಪದಲ್ಲಿ ನನ್ನ ತಮ್ಮನ ಮದುವೆ ಬಂತು. ಕೈಕಾಲು ನೆಟ್ಟಗಿದ್ದ ಅಕ್ಕನಾಗಿ ಮದುವೆಗೆ ಹೋದೆ, ಆರತಿ ಹಿಡಿದೆ, ಅಡುಗೆಯವರ ಮೇಲೆ ಜೋರು ಮಾಡಿದೆ. ಊಟಕ್ಕೆ ಕೂತಾಗ ಅವ್ವ ನನಗೆ ಇಷ್ಟ ಎಂದು ಎಣ್ಣೆಗಾಯಿ ಬದನೆಕಾಯಿಯನ್ನು ಎಲೆಯ ತುಂಬ ಬಡಿಸಿದಳು. ತಿಂದುಬಿಟ್ಟೆ. ಹಾಗೆ ತಿಂದದ್ದಕ್ಕೆ ಇವತ್ತಿಗೂ ಪಶ್ಚಾತ್ತಾಪವಿಲ್ಲ, ಅಷ್ಟು ರುಚಿಯಾಗಿತ್ತು. ಕೈ ತೊಳೆಯುವಾಗ ಪಥ್ಯದ ನೆನಪಾಗಿ ಅವ್ವನಿಗೆ ಹೇಳಿದೆ. ಅವಳು ಬಾಯಿಯ ಮೇಲೆ ಕೈಯಿಟ್ಟುಕೊಂಡಳು.

ಪಥ್ಯ ಮುರಿದ ಮೈಗೆ ಔಷಧ ಬಿದ್ದರೆ ಅದು ವಿಷವಾಗುತ್ತದೆ. ಇದು ನಮ್ಮ ಕಡೆ ಹಸುಮಕ್ಕಳಿಗೂ ಗೊತ್ತಿದ್ದ ಮಾತು. ಮದುವೆಮನೆಯ ಹಿರಿಯರೆಲ್ಲ ಸೇರಿ ತೀರ್ಮಾನ ಮಾಡಿದರು: ಗುಳಿಗೆ ನಿಲ್ಲಿಸಬೇಕು, ಮೈ ಶುದ್ಧವಾಗಲು ಬಿಡಬೇಕು, ಅಮಾವಾಸ್ಯೆ ಕಳೆದ ಮೇಲೆ ಒಳ್ಳೆಯ ವಾರ ನೋಡಿ ಹೊಸದಾಗಿ ಪಥ್ಯ ಹಿಡಿದು ಶುರು ಮಾಡಬೇಕು. ಅವ್ವ ಗುಳಿಗೆಗಳನ್ನು ಅರಿಶಿನದ ಬಟ್ಟೆಯಲ್ಲಿ ಕಟ್ಟಿ ದೇವರ ಜಗಲಿಯ ಮೇಲಿಟ್ಟು ಕೈ ಮುಗಿದಳು. ನನಗೂ ಅದೇ ಸರಿ ಎನ್ನಿಸಿತು. ನೋವಂತೂ ಇರಲಿಲ್ಲ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಎನ್ನುತ್ತಾರಲ್ಲ, ಒಳಗೊಳಗೆ ಅದೂ ಇತ್ತೋ ಏನೋ. ನಾವಿನ್ನೂ ನಡುಹೊಳೆಯಲ್ಲಿದ್ದೇವೆ ಎಂದು ಹೇಳುವವರು ಅಲ್ಲಿ ಯಾರೂ ಇರಲಿಲ್ಲ.

ಮೊದಲ ದಿನ ಏನೂ ಆಗಲಿಲ್ಲ. ಆಮೇಲೆ ಮೈಯೆಲ್ಲ ಸೋತು ಬಂತು. ಅನ್ನ ಕಂಡರೆ ಓಕರಿಕೆ. ಎದ್ದು ನಿಂತರೆ ಕಣ್ಣು ಕತ್ತಲೆ. ಕೀಲುಗಳು ಹಿಂದಿಗಿಂತ ಹೆಚ್ಚಾಗಿ ಊದಿದವು. "ವಿಷ ಏರಾಕ ಹತ್ತೈತಿ, ಒಂದು ಬದ್ನಿಕಾಯಿ ಎಂಥಾ ಕೆಲಸ ಮಾಡ್ತು ನೋಡು," ಎಂದು ಅವ್ವ ಬೇವಿನಸೊಪ್ಪಿನ ರಸ ಕುಡಿಸಿದಳು. ಒಂದು ಬೆಳಿಗ್ಗೆ ಬಚ್ಚಲಿಗೆ ಹೋದವಳು ಅಲ್ಲೇ ಕುಸಿದೆನಂತೆ. ನನಗೆ ನೆನಪಿರುವುದು, ಅಕ್ಕಿ ಗಿರಣಿಯ ಲಾರಿಯಲ್ಲಿ ಮುಂದೆ ಡ್ರೈವರನ ಪಕ್ಕ ನನ್ನನ್ನು ಒರಗಿಸಿಕೊಂಡು, ಮೈಯ ಅರಿಶಿನ ಇನ್ನೂ ಹೋಗದ ತಮ್ಮ "ಅಕ್ಕಾ, ಕಣ್ಣು ತೆಗಿ" ಎನ್ನುತ್ತಿದ್ದದ್ದು.

ಬಳ್ಳಾರಿಯಲ್ಲಿ ಅದೇ ಡಾಕ್ಟರು. ಸೂಜಿ ಚುಚ್ಚಿದರು, ಬಾಟಲಿ ನೀರು ಏರಿಸಿದರು. ಇನ್ನಷ್ಟು ತಡವಾಗಿದ್ದರೆ ಉಳಿಯುತ್ತಿರಲಿಲ್ಲ ಎಂದು ತಮ್ಮನಿಗೆ ಹೇಳಿದರಂತೆ. ಕುರುಗೋಡಿಗೆ ಸುದ್ದಿ ಹೋಗಿ ಅತ್ತೆ ಮಾರನೆಯ ದಿನ ಬಂದರು. ನನಗೆ ಆಗ ಮಾತು ಕೇಳಿಸುವಷ್ಟು ಎಚ್ಚರವಿತ್ತು. ಡಾಕ್ಟರು ಮಂಚದ ಪಕ್ಕ ನಿಂತು ಅವ್ವನನ್ನು ಗದರುತ್ತಿದ್ದರು.

"ಏಮ್ಮಾ, ಆ ಸಣ್ಣ ಗುಳಿಗಿ ಒಮ್ಮೆಗೇ ನಿಲ್ಲಿಸಬಾರದು ಅಂತ ಹೇಳಿರಲಿಲ್ವಾ? ಯಾಕೆ ಬಿಟ್ಟಿರಿ?"

ಅವ್ವ ಸೆರಗು ಬಾಯಿಗೆ ಒತ್ತಿಕೊಂಡು, "ಪಥ್ಯ ಕೆಟ್ಟಿತ್ರೀ, ಅದಕ್ಕ..." ಎಂದು ಅಳತೊಡಗಿದಳು.

"ಯಾವ ಪಥ್ಯ? ನಾನು ಪಥ್ಯಾನೇ ಹೇಳಿಲ್ಲ!"

ಬಾಗಿಲಲ್ಲಿ ನಿಂತಿದ್ದ ಅತ್ತೆ ಒಳಗೆ ಬಂದರು. ಬೀಗತಿಯ ಮೇಲೆ ಹಾಕಿ ತಪ್ಪಿಸಿಕೊಳ್ಳಬಹುದಿತ್ತು. ನಮ್ಮ ಕಡೆ ಬೀಗತಿಯರಿಗೆ ಅಂಥ ಅವಕಾಶ ದಿನಾ ಸಿಗುವುದಿಲ್ಲ. ಅತ್ತೆ ನೇರ ಡಾಕ್ಟರ ಮುಖ ನೋಡಿ ಹೇಳಿದರು, "ಅಕಿನ್ನ ಬಯ್ಯಬ್ಯಾಡ್ರಿ. ಪಥ್ಯ ಹೇಳಿದಾಕಿ ನಾನು. ನೀವು ಹೇಳಲಿಲ್ಲ, ಅದಕ್ಕ ನಾ ಹೇಳಿದೆ."

ಡಾಕ್ಟರು ಸಿಟ್ಟಾಗುತ್ತಾರೆಂದು ನಾವೆಲ್ಲ ತಲೆ ತಗ್ಗಿಸಿದೆವು. ಅವರು ಸ್ಟೂಲು ಎಳೆದುಕೊಂಡು ಕೂತೇಬಿಟ್ಟರು. ಪಥ್ಯವೆಂದರೆ ಏನೇನು, ಮುರಿದರೆ ಏನು ಮಾಡುತ್ತೀರಿ, ಮತ್ತೆ ಯಾವಾಗ ಶುರು ಮಾಡುತ್ತೀರಿ ಎಂದು ಒಂದೊಂದಾಗಿ ಕೇಳಿದರು. ಅತ್ತೆಯೂ ಶಾಲೆಯ ಮಾಸ್ತರರ ಗತ್ತಿನಲ್ಲಿ ವಿವರಿಸಿದರು. ಪಕ್ಕದ ಮಂಚದಲ್ಲಿ ಕೊಳಗಲ್ಲಿನ ಒಬ್ಬ ಹೆಂಗಸಿದ್ದಳು, ಅವಳದೂ ನನ್ನದೇ ಜಡ್ಡು. ನಡುವೆ ಬಾಯಿ ಹಾಕಿ, "ನಾನೂ ಹಂಗ ಬಿಟ್ಟೀನ್ರೀ. ಶ್ರಾವಣದಾಗ ಸೋಮವಾರ ಒಪ್ಪತ್ತು ಇರ್ತೀನಿ, ಉಪಾಸದ ಹೊಟ್ಟಿಗೆ ಗುಳಿಗಿ ತಗೊಂಡ್ರ ವ್ರತ ಕೆಡ್ತೈತಲ್ಲ," ಎಂದಳು. ಆಚೆ ಮಂಚದಿಂದ ಕುಡತಿನಿಯ ಮುದುಕಿ, "ನಾ ಮೀನ ತಿಂದೆ, ಅದಕ್ಕ ಬಿಟ್ಟೆ," ಎಂದಳು. ಯಾರೂ ಇದನ್ನೆಲ್ಲ ಡಾಕ್ಟರಿಗೆ ಹೇಳಿರಲಿಲ್ಲ. ಅವರೂ ಕೇಳಿರಲಿಲ್ಲ. ಮರೆವು, ಉದಾಸೀನ ಎಂದು ಅವರು ತಿಳಿದಿದ್ದರಂತೆ. ನಾವು ಬಿಟ್ಟದ್ದು ಉದಾಸೀನದಿಂದಲ್ಲ, ಮದ್ದಿನ ಮೇಲಿನ ಭಯಭಕ್ತಿಯಿಂದ.

ಡಾಕ್ಟರು ಅತ್ತೆಯ ಕಡೆ ತಿರುಗಿದರು. "ಅಮ್ಮಾ, ತಪ್ಪು ನನ್ನದೇ. ಈ ಔಷಧಕ್ಕೆ ಪಥ್ಯ ಇದೆ, ನಾನು ಹೇಳಲಿಲ್ಲ. ಈಗ ಹೇಳ್ತೀನಿ ಕೇಳಿ. ಬಹಳ ಕಡಕ್ ಪಥ್ಯ."

ಅತ್ತೆಯ ಬೆನ್ನು ನೆಟ್ಟಗಾಯಿತು.

"ಗುಳಿಗಿ ನುಂಗೋಕೆ ಮುಂಚೆ ಹೊಟ್ಟೇಲಿ ಅನ್ನ ಇರಬೇಕು. ಖಾಲಿ ಹೊಟ್ಟೆ ಅಂದರೆ ಪಥ್ಯ ಮುರಿದ ಹಾಗೆ. ದಿನಾ ತಗೋಬೇಕು. ಒಂದು ದಿನ ಬಿಟ್ಟರೂ ಪಥ್ಯ ಮುರಿದ ಹಾಗೆ. ಕಡಿಮೆ ಮಾಡೋದು ನನ್ನ ಬಾಯಿಂದ ಬಂದರೆ ಮಾತ್ರ."

"ಹಬ್ಬಕ್ಕ?"

"ಹಬ್ಬ ಇದ್ದರೂ."

"ಶಿವರಾತ್ರಿ ಉಪಾಸಕ್ಕ?"

"ಶಿವನೇ ಬಂದು ಬೇಡ ಅಂದರೂ."

ಅತ್ತೆ ಆ ಮಾತಿಗೆ ಕೆನ್ನೆ ಕೆನ್ನೆ ಬಡಿದುಕೊಂಡರು. ಆಮೇಲೆ ದನಿ ತಗ್ಗಿಸಿ ಕೇಳಿದರು, "ಮತ್ತ ಬದ್ನಿಕಾಯಿ?"

"ಬೇಕಾದಷ್ಟು ತಿನ್ನಲಿ."

"ಅದೊಂದು ಬ್ಯಾಡಾ ಅನ್ರಿ ಸಾಹೇಬ್ರ. ನನ್ನ ಸಮಾಧಾನಕ್ಕ."

ಡಾಕ್ಟರು ನಕ್ಕು, "ಆಯ್ತು, ಬದನೆಕಾಯಿ ಬೇಡ. ಆದರೆ ತಿಂದಳು ಅಂತ ಗುಳಿಗಿ ಮಾತ್ರ ನಿಲ್ಲಿಸಬೇಡಿ," ಎಂದರು. ನನ್ನ ಎಣ್ಣೆಗಾಯಿಯನ್ನು ಬಲಿ ಕೊಟ್ಟು ಅವರಿಬ್ಬರೂ ರಾಜಿಯಾದರು. ಮಂಚದಲ್ಲಿದ್ದವಳನ್ನು ಯಾರೂ ಕೇಳಲಿಲ್ಲ.

ಆ ವಾರವೇ ದೊಡ್ಡತ್ತೆ ನನ್ನನ್ನು ನೋಡಲು ಬಂದರು. ಮೋಸಂಬಿ ತಂದಿದ್ದರು, ಜೊತೆಗೆ ಹಳೆಯ ಮಾತನ್ನೂ ತಂದಿದ್ದರು. ನಾನು ನಿದ್ದೆ ಮಾಡುತ್ತಿದ್ದೇನೆ ಎಂದುಕೊಂಡು, "ನಾ ಅವತ್ತೇ ಹೇಳಿದ್ನಲ್ಲ. ಒಂದು ಹುಡುಗಿ ಐತಿ, ಬಡವರ ಮನೀದು, ಗಟ್ಟಿಮುಟ್ಟಿ ಅದಾಳ," ಎಂದು ಶುರು ಮಾಡಿದರು.

ಈ ಸಲ ಅತ್ತೆ ಚಹಾದ ಮಾತೆತ್ತಲಿಲ್ಲ. "ಅಕ್ಕಾ, ನಾ ಮಗಗ ಹೆಂಡ್ತಿ ತಂದೀನಿ, ಎತ್ತು ತಂದಿಲ್ಲ, ಕುಂಟಿತು ಅಂತ ಸಂತಿಗೆ ಹೊಡ್ಯಾಕ. ಅಕಿ ಕೈ ಬರ್ಲಿ ಬಿಡ್ಲಿ, ನನ್ನ ಕೈ ಅದಾವು. ಇನ್ನೊಮ್ಮೆ ಈ ಮಾತು ತಗದ್ರ ನಮ್ಮನಿ ಹೊಸ್ತಲಿ ತುಳೀಬ್ಯಾಡ."

ನಾನು ಕಣ್ಣು ಮುಚ್ಚಿಕೊಂಡೇ ಇದ್ದೆ. ಮುಚ್ಚಿದ ಕಣ್ಣಿನಿಂದಲೇ ನೀರು ಇಳಿದು ಕಿವಿಗೆ ಹೋಗುತ್ತಿತ್ತು. ನನ್ನನ್ನು ಹೆತ್ತವಳು ಕೂಡ ಅಂಥ ಮಾತು ಆಡಿರಲಿಲ್ಲ, ಅವಳಿಗೆ ಆಡುವ ಪ್ರಸಂಗವೂ ಬಂದಿರಲಿಲ್ಲ ಬಿಡಿ. ನನ್ನ ಜೀವನದಲ್ಲಿ ನನಗೆ ಯಾರು ಏನು ಕೊಟ್ಟರು ಎಂದು ಲೆಕ್ಕ ಹಾಕಲು ಕೂತರೆ ಆ ಮಾತಿನಿಂದಲೇ ಶುರು ಮಾಡುತ್ತೇನೆ.

ಅಲ್ಲಿಂದ ಮುಂದೆ ನನಗೆ ಹಿಡಿದದ್ದು ಹೊಸ ಪಥ್ಯ, ಅತ್ತೆಯ ಕಾವಲಿನ ಪಥ್ಯ. ಬೆಳಿಗ್ಗೆ ಮೊದಲ ರೊಟ್ಟಿ ಹಂಚಿನಿಂದ ಇಳಿದರೆ ಅದು ದೇವರಿಗಲ್ಲ, ಹೊಲಕ್ಕೆ ಹೊರಟ ಗಂಡಸರಿಗಲ್ಲ, ನನಗೆ. ಸೊಸೆ ಎಲ್ಲರಿಗಿಂತ ಮೊದಲು ಉಣ್ಣುವ ಮನೆ ಆಗ ಕುರುಗೋಡಿನಲ್ಲಿ ನಮ್ಮದೊಂದೇ ಇತ್ತು ಎಂದು ಕಾಣುತ್ತದೆ. ಓಣಿಯ ಹೆಂಗಸರು ಆಡಿಕೊಂಡರು. ನನಗೂ ನಾಚಿಕೆಯಾಗಿ ಒಂದು ದಿನ, "ಅತ್ತೀ, ಅವರ ಊಟ ಆಗ್ಲಿ, ಆಮ್ಯಾಲೆ ಉಣ್ತೀನ್ರೀ," ಎಂದೆ.

"ಅವನೇನು ಗುಳಿಗಿ ನುಂಗ್ತಾನೇನು? ಉಣ್ಣು ಸುಮ್ನ," ಎಂದರು. ಯಜಮಾನರು ಮೂಲೆಯಲ್ಲಿ ಎತ್ತಿನ ಹಗ್ಗ ಹೊಸೆಯುತ್ತ ಕೂತಿದ್ದರು, ತಲೆಯೆತ್ತದೆ ನಕ್ಕರು. ಎರಡನೆಯ ಮದುವೆಯ ಮಾತು ಅವರ ಕಿವಿಗೂ ಬಿದ್ದಿತ್ತೆಂದು ನನಗೆ ಬಹಳ ವರ್ಷಗಳ ನಂತರ ತಿಳಿಯಿತು. ನಮ್ಮವ್ವನೇ ಬೇಡ ಅಂದಳು, ನಾನು ಅನ್ನುವ ಕೆಲಸ ತಪ್ಪಿತು ಎಂದು ಅವರೇ ಹೇಳಿದರು. ಮಾತು ಕಡಿಮೆಯ ಮನುಷ್ಯ, ಅಷ್ಟೂ ಹೇಳಿದ್ದೇ ಹೆಚ್ಚು.

ಶಿವರಾತ್ರಿ ಬಂತು. ನಾನು ಹುಟ್ಟಿದಾಗಿನಿಂದ ಶಿವರಾತ್ರಿಯ ದಿನ ನೀರು ಬಿಟ್ಟು ಏನೂ ಮುಟ್ಟಿದವಳಲ್ಲ. ಮನೆಯ ತುಂಬ ಉಪವಾಸದವರು ಓಡಾಡುತ್ತಿರುವಾಗ ಅತ್ತೆ ನನ್ನ ಮುಂದೆ ಬಿಸಿ ಅನ್ನ ತಂದಿಟ್ಟರು. ನನಗೆ ರೇಗಿತು. ಪಾಪ ಕಟ್ಟಿಕೊಳ್ಳುವವಳು ನಾನು, ನಾನು ಉಣ್ಣುವುದಿಲ್ಲ ಎಂದು ತಟ್ಟೆ ದೂಡಿದೆ. ಅತ್ತೆ ತಟ್ಟೆಯನ್ನು ಮತ್ತೆ ನನ್ನ ಮುಂದಕ್ಕೆ ಸರಿಸಿದರು.

"ನಿನ್ನ ಉಪಾಸ ನಾ ಮಾಡ್ತೀನಿ. ನನ್ನ ಊಟ ನೀ ಉಣ್ಣು. ಶಿವಗ ಒಂದು ಹೊಟ್ಟಿ ಖಾಲಿ ಇದ್ರ ಆತು, ಯಾರ ಹೊಟ್ಟಿ ಅಂತ ಕೇಳಂಗಿಲ್ಲ."

ನನ್ನ ಪಾಲಿನದೆಂದು ಅವರು ಮಾರನೆಯ ದಿನವೂ ಉಪವಾಸ ಇದ್ದರು. ವಯಸ್ಸಾದ ಜೀವ, ಸಂಜೆಗೆ ಗೋಡೆ ಹಿಡಿದು ಓಡಾಡುತ್ತಿದ್ದರು. ಶ್ರಾವಣ ಸೋಮವಾರಗಳಲ್ಲೂ ಇದೇ ನಡೆಯಿತು. ನನ್ನ ಸೋಮವಾರಕ್ಕೆ ಅವರು ಮಂಗಳವಾರ ಹಸಿದಿರುತ್ತಿದ್ದರು. ನಾನು ಉಂಡು, ಗುಳಿಗೆ ನುಂಗಿ, ಹಸಿದ ಅತ್ತೆಯನ್ನು ನೋಡುತ್ತ ಕೂರುತ್ತಿದ್ದೆ. ಆದರೆ ಊಟ ಬಿಡುವ ಮಾತು ಮತ್ತೆ ನನ್ನ ಬಾಯಿಂದ ಬರಲಿಲ್ಲ.

ಸಣ್ಣ ಗುಳಿಗೆಯಿಂದ ನನ್ನ ಮುಖ ಗುಂಡಗೆ ಉಬ್ಬಿತು. ತವರಿನವರು "ಗಂಡನ ಮನಿ ಅನ್ನ ಹತ್ತೈತಿ" ಎಂದು ಸಂತೋಷಪಟ್ಟರು. ನಾನು ಕನ್ನಡಿ ನೋಡುವುದನ್ನು ಬಿಟ್ಟೆ. ಡಾಕ್ಟರು ನಿಧಾನವಾಗಿ ಆ ಗುಳಿಗೆಯನ್ನು ಅರ್ಧಕ್ಕೆ, ಆಮೇಲೆ ಇನ್ನೂ ಕಡಿಮೆಗೆ ಇಳಿಸಿದರು. ಜೊತೆಗೆ ಮಲೇರಿಯಾಕ್ಕೆ ಕೊಡುವ ಕಹಿ ಗುಳಿಗೆಯೊಂದನ್ನು ಸೇರಿಸಿದರು. ಪ್ರತಿ ಸಲ ಬಳ್ಳಾರಿಗೆ ಹೋದಾಗಲೂ ಅತ್ತೆ ಅವರಿಗೆ ಶೇಂಗಾ ಹೋಳಿಗೆ ಒಯ್ಯುತ್ತಿದ್ದರು. ಅವರು ಬೇಡ ಬೇಡ ಎನ್ನುತ್ತಲೇ ಒಂದನ್ನು ಮುರಿದು ಬಾಯಿಗೆ ಹಾಕಿಕೊಂಡು, "ಪಥ್ಯ ಹೇಗೆ ನಡೀತಿದೆ ಅಮ್ಮಾ?" ಎಂದು ಮೊದಲು ಅತ್ತೆಯನ್ನು ಕೇಳಿ, ಆಮೇಲೆ ನನ್ನ ಕೈ ನೋಡುತ್ತಿದ್ದರು. ಹೊಸದಾಗಿ ಬಂದ ರೋಗಿಗಳಿಗೆ ಅವರು, "ಬಹಳ ಕಡಕ್ ಪಥ್ಯ" ಎಂದೇ ಶುರು ಮಾಡುತ್ತಿದ್ದದ್ದನ್ನು ನಾನು ಕಿವಿಯಾರೆ ಕೇಳಿದ್ದೇನೆ. ಕೆಲವು ವರ್ಷಗಳ ನಂತರ ಅವರಿಗೆ ಬೇರೆ ಊರಿಗೆ ವರ್ಗವಾಯಿತು. ಹೊರಡುವ ಮುಂಚೆ ನನ್ನ ಎರಡೂ ಮುಷ್ಟಿ ಕಟ್ಟಿಸಿ ನೋಡಿ, ಅತ್ತೆಗೆ ಕೈ ಮುಗಿದರು. ಅಷ್ಟು ಓದಿದ ಮನುಷ್ಯ ನಮಗೆ ಕೈ ಮುಗಿದದ್ದನ್ನು ಅತ್ತೆ ಊರೆಲ್ಲ ಹೇಳಿಕೊಂಡು ತಿರುಗಿದರು. ಆ ಪುಣ್ಯಾತ್ಮ ಎಲ್ಲಿದ್ದರೂ ಚೆನ್ನಾಗಿರಲಿ.

ನನ್ನ ಬಲಗೈಯ ಎರಡು ಬೆರಳು ಸ್ವಲ್ಪ ಸೊಟ್ಟಗಾದವು, ಅದು ಗುಳಿಗೆ ಬಿಟ್ಟ ಆ ಕೆಲವು ದಿನಗಳ ಕಾಣಿಕೆ ಎಂದು ನಾನು ತಿಳಿದಿದ್ದೇನೆ. ಉಳಿದದ್ದು ಉಳಿಯಿತು. ಮಕ್ಕಳ ಜಡೆ ಹೆಣೆದೆ, ಹತ್ತಿ ಬಿಡಿಸಿದೆ, ರೊಟ್ಟಿ ಬಡಿದೆ.

ಅತ್ತೆ ಹೋದದ್ದು ಎಂಬತ್ತರ ದಶಕದ ಒಂದು ಬೇಸಿಗೆಯಲ್ಲಿ. ಒಂದೆರಡು ತಿಂಗಳಿಂದ ಉಬ್ಬಸ ಜಾಸ್ತಿಯಾಗಿತ್ತು. ಬೆಳಗಾಗುವ ಹೊತ್ತಿಗೆ ನನ್ನ ತೊಡೆಯ ಮೇಲೆಯೇ ಪ್ರಾಣ ಬಿಟ್ಟರು. ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಸ್ನಾನ ಮಾಡಿಸಿ, ವಿಭೂತಿ ಹಚ್ಚಿ, ಹೂವು ಹಾಕಿ ಗೋಡೆಗೆ ಆನಿಸಿ ಕೂರಿಸುತ್ತೇವೆ. ಮಣ್ಣು ಮಾಡಿ ಬರುವ ತನಕ ಆ ಮನೆಯಲ್ಲಿ ಒಲೆ ಹೊತ್ತುವುದಿಲ್ಲ, ಯಾರೂ ತುತ್ತು ಎತ್ತುವುದಿಲ್ಲ. ದೂರದ ನೆಂಟರು ಬರುವುದಿತ್ತು, ಮಣ್ಣು ಸಂಜೆಗೆ ಎಂದಾಯಿತು. ಪಡಸಾಲೆಯ ತುಂಬ ಹೆಂಗಸರು. ಭಜನೆ ನಡೆದಿತ್ತು. ನನಗೆ ಅಳುವೂ ಬರುತ್ತಿರಲಿಲ್ಲ. ಗುಳಿಗೆಯ ನೆನಪಂತೂ ದೂರವೇ ಉಳಿಯಿತು. ಅಷ್ಟು ವರ್ಷ ಅದನ್ನು ನೆನಪಿಟ್ಟುಕೊಳ್ಳುವುದು ನನ್ನ ಕೆಲಸವೇ ಆಗಿರಲಿಲ್ಲ.

ಹೊತ್ತು ಏರಿದ ಮೇಲೆ ಬಾಗಿಲಲ್ಲಿ ಊಟದ ಗಂಗಾಳ ಹಿಡಿದ ಎದುರುಮನೆಯ ಹೆಂಗಸು ಕಾಣಿಸಿದಳು. ಎದುರುಮನೆಯವಳಿಗೂ ಅತ್ತೆಗೂ ಬಚ್ಚಲ ನೀರು ಹರಿಯುವ ಗಟಾರದ ಸಲುವಾಗಿ ಜಗಳವಾಗಿ, ಮಾತು ನಿಂತು ವರ್ಷಗಳೇ ಆಗಿದ್ದವು. ಅವಳು ನಮ್ಮ ಮನೆಯೊಳಗೆ ಕಾಲಿಟ್ಟದ್ದನ್ನೇ ನನ್ನ ಮಕ್ಕಳು ನೋಡಿರಲಿಲ್ಲ. ಯಾರ ಮುಖವನ್ನೂ ನೋಡದೆ ನೇರವಾಗಿ ಬಂದು ನನ್ನ ಮುಂದೆ ಕೂತು, ಗಂಗಾಳದ ಮೇಲಿನ ಬಟ್ಟೆ ತೆಗೆದಳು. ಬಿಸಿ ಅನ್ನ, ಸಾರು.

ದೊಡ್ಡತ್ತೆ ಬೆಚ್ಚಿ, "ಏನವ್ವಾ ಇದು! ಹೆಣ ಇನ್ನಾ ಮನ್ಯಾಗ ಐತಿ!" ಎಂದರು.

"ಗೊತ್ತೈತಿ ಬೇ. ನಾ ಮಾತು ಕೊಟ್ಟೀನಿ," ಎಂದಳು ಎದುರುಮನೆಯವಳು. "ಹ್ವಾದ ಅಮಾಸಿಗೆ ಈ ಮುದುಕಿ ತಾನಾಗೇ ನಮ್ಮ ಕಟ್ಟಿ ಮ್ಯಾಲೆ ಬಂದು ಕುಂತ್ಲು. 'ನಾ ಸತ್ತ ದಿನ ನಮ್ಮನ್ಯಾಗ ಒಲಿ ಹಚ್ಚಂಗಿಲ್ಲ, ಎಲ್ಲಾರೂ ಅಳಾಕ ಹತ್ತಿರ್ತಾರ, ಅಕಿ ಗುಳಿಗಿ ಯಾರಿಗೂ ನೆನಪಿರಂಗಿಲ್ಲ. ನನ್ನ ಸಲುವಾಗಿ ನೀ ಅಳಂಗಿಲ್ಲ, ನಿನಗ ನೆನಪಿರ್ತೈತಿ. ಅಕಿಗೆ ಒಂದು ತುತ್ತು ಉಣಿಸಿ ಗುಳಿಗಿ ಕೊಡು' ಅಂದ್ಲು. ಇದನ್ನೂ ಅವತ್ತೇ ಕೊಟ್ಟು ಹೋಗ್ಯಾಳ."

ಸೆರಗಿನ ತುದಿಯ ಗಂಟು ಬಿಚ್ಚಿ ಸಣ್ಣ ಗುಳಿಗೆಯನ್ನು ತೆಗೆದು ತಟ್ಟೆಯ ಅಂಚಿನಲ್ಲಿಟ್ಟಳು. ಭಜನೆಯವರೂ ನಿಲ್ಲಿಸಿದ್ದರು. ದೊಡ್ಡತ್ತೆ ಏನೋ ಹೇಳಲು ಬಾಯಿ ತೆರೆದವರು ಗೋಡೆಗೆ ಆನಿಸಿ ಕೂರಿಸಿದ್ದ ಅತ್ತೆಯ ಕಡೆ ನೋಡಿ, ನನಗೆ ಜಾಗ ಬಿಟ್ಟು ಪಕ್ಕಕ್ಕೆ ಸರಿದರು.

ನಾನು ಅತ್ತೆಯ ಎದುರಿಗೇ ಕೂತು, ಅನ್ನ ಕಲಸಿಕೊಂಡು ಉಣ್ಣತೊಡಗಿದೆ. ಆಮೇಲೆ ನನಗೆ ಅಳು ಬಂತು, ಅಳುತ್ತಲೇ ಉಂಡೆ. ತನ್ನ ಸಲುವಾಗಿ ಅಳುವುದಿಲ್ಲ ಎಂದು ನಂಬಿ ಅತ್ತೆ ಆರಿಸಿದ್ದ ಆ ಹೆಂಗಸು, ನಾನು ಗುಳಿಗೆ ನುಂಗಿ ನೀರು ಕುಡಿಯುವವರೆಗೂ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಲೇ ನನ್ನ ಮುಂದೆ ಕೂತಿದ್ದಳು.